ಮೀನು ದೃಷ್ಟಿ ತಗುಲಿ ಸಾಯುವುದಿಲ್ಲ

ಮನೆಯ ಮೀನಿನ ತೊಟ್ಟಿಯಲ್ಲಿ ಒಂದು ಮೀನು ಸತ್ತು ತೇಲಿದರೆ ನಮ್ಮ ಕಡೆ ಸಿದ್ಧವಾಗಿರುವ ಮಾತೊಂದಿದೆ: 'ಮನೆಗೆ ಬರಬೇಕಾದ ಕೆಟ್ಟದ್ದನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಯಿತು.' ಓದಿದವರೂ ಹೇಳುತ್ತಾರೆ, ಓದದವರೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಂದಿಷ್ಟು ಮೂಢನಂಬಿಕೆ ಎಲ್ಲರ ಮನೆಯಲ್ಲೂ ಇರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಕೈಯಿಂದಲೇ ಸತ್ತ ಜೀವವೊಂದರ ಲೆಕ್ಕದಲ್ಲಿ ನಮಗೇ ಲಾಭ ಬರೆದುಕೊಳ್ಳುವುದಿದೆಯಲ್ಲ, ಅದು ನಾಚಿಕೆಗೇಡಿನ ಕೆಲಸ.

ತರೀಕೆರೆಯಂಥ ಊರಿನಲ್ಲೂ ಈಗ ಹೊಸ ಮನೆ ಎಂದರೆ ಟೀವಿಯ ಪಕ್ಕದಲ್ಲಿ ಒಂದು ಅಕ್ವೇರಿಯಂ ಇರಬೇಕು. ವಾಸ್ತು ಹೇಳುವವರು ಲೆಕ್ಕವನ್ನೂ ಕೊಟ್ಟಿದ್ದಾರೆ: ಒಂಬತ್ತು ಗೋಲ್ಡ್‌ಫಿಶ್, ಎಂಟು ಕೆಂಪು, ಒಂದು ಕಪ್ಪು. ನಾನೂ ಒಂದು ಲೆಕ್ಕ ಕೊಡುತ್ತೇನೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಹಿಡಿಯುವುದು 56 ಲೀಟರ್ ನೀರು. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 45 ಲೀಟರ್ ಉಳಿದೀತು, ಅಂದರೆ ಮೂರು ನಾಲ್ಕು ಕೊಡ. ಗೋಲ್ಡ್‌ಫಿಶ್ ಗೆಂಡೆಯ ಬಳಗದ ಮೀನು. ಸರಿಯಾದ ಜಾಗ ಸಿಕ್ಕರೆ ಗೇಣುದ್ದ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಅಂಥವು ಒಂಬತ್ತನ್ನು ನಾಲ್ಕು ಕೊಡ ನೀರಿನಲ್ಲಿ ತುಂಬಿದ ಮೇಲೆ ಸಾವಿಗೆ ಬೇರೆ ಕಾರಣ ಹುಡುಕಬೇಕೆ?

ಆ ಕಾರಣದ ಹೆಸರು ಅಮೋನಿಯಾ. ತೊಳೆಯದ ಕೊಟ್ಟಿಗೆಯಲ್ಲಿ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದೇ. ಮೀನು ಉಸಿರಾಡುವ ನೀರಿಗೇ ಅದನ್ನು ಬಿಡುತ್ತದೆ. ತಿನ್ನದೆ ಉಳಿದ ಕಾಳೂ ಕೊಳೆತು ಅದೇ ಆಗುತ್ತದೆ. ಕಾಲಕ್ರಮದಲ್ಲಿ ಫಿಲ್ಟರಿನಲ್ಲಿ, ಕಲ್ಲುಗಳ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾ ನೆಲೆಸಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದರಿಂದ ಅಷ್ಟು ತೊಂದರೆಯಿಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾಗಳು ಬಂದು ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯವರಾದರೋ ತೊಟ್ಟಿಯನ್ನೂ ಮೀನನ್ನೂ ಒಂದೇ ಸಂಜೆ ಕೊಟ್ಟು ಕಳಿಸುತ್ತಾರೆ. ಹೆಪ್ಪು ಹಾಕಿದ ಮರುಗಳಿಗೆಯಲ್ಲಿ ಮೊಸರು ಬಡಿಸಿದ ಹಾಗೆ.

ಇನ್ನು ಮೀನು ಆರಿಸುವ ಚಂದ. ಬಳೆ ಅಂಗಡಿಯಲ್ಲಿ ಬಣ್ಣ ಆರಿಸುವಂತೆ 'ಇದು ಎರಡು, ಅದು ಎರಡು' ಎಂದು ಬೆರಳು ತೋರಿಸುವುದು. ಹೀಗೆ ಕೂಡಿಸಿದ್ದನ್ನು ಒಂದು ಸಂಸಾರ ಎನ್ನುತ್ತೇವೆ. ಒಳಗೆ ಏನಾಗುತ್ತದೆ? ಟೈಗರ್ ಬಾರ್ಬ್ ಜೋಡಿಯಾಗಿ ಬಂದರೆ ಹೊತ್ತು ಹೋಗದೆ ಏಂಜೆಲ್ ಮೀನಿನ, ಗಪ್ಪಿಯ ರೆಕ್ಕೆ ಬಾಲಗಳನ್ನು ಕಚ್ಚಿ ಹರಿಯುತ್ತದೆ. ಸಾಧುವಾಗಿ ಕಾಣುವ ಏಂಜೆಲ್ ಬೆಳೆದ ಮೇಲೆ, ಬಾಯಿಗೆ ಹಿಡಿಸುವ ನಿಯಾನ್ ಟೆಟ್ರಾಗಳನ್ನು ರಾತ್ರೋರಾತ್ರಿ ನುಂಗುತ್ತದೆ. ಎರಡು ಗಂಡು ಫೈಟರ್ ಮೀನು ಬಿಟ್ಟರೆ ಒಂದು ಉಳಿಯುವುದೇ ಹೆಚ್ಚು. ಶಾರ್ಕ್ ಎಂದು ಮಾರುವ ಬೆರಳುದ್ದದ ಬೆಳ್ಳಿ ಮೀನು ತನ್ನ ಹುಟ್ಟೂರಿನ ನದಿಗಳಲ್ಲಿ ಮೀಟರಿಗೂ ಮೀರಿ ಬೆಳೆಯುವ ಜಾತಿ. ಗಾಜು ಉಜ್ಜುತ್ತದೆಂದು ಕೊಡುವ ಸಕ್ಕರ್ ಅಡಿಗೂ ಮೀರಿ ಬೆಳೆಯುತ್ತದೆ. ಟೆಟ್ರಾದಂಥವು ಹಿಂಡಿನ ಪ್ರಾಣಿಗಳು, ಆರೆಂಟಾದರೂ ಜೊತೆಯಿಲ್ಲದಿದ್ದರೆ ಹೆದರಿ ಮೂಲೆ ಹಿಡಿಯುತ್ತವೆ. ಜೋಡಿ ಎಂಬುದು ನಮ್ಮ ಶಾಸ್ತ್ರವೇ ಹೊರತು ಅವುಗಳದ್ದಲ್ಲ.

ನೀರೂ ಒಂದೇ ಅಲ್ಲ. ತರೀಕೆರೆ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಊರು. ಕಡೂರು, ಅಜ್ಜಂಪುರದ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಆ ಗಡಸು ನೀರು ಮಾಲಿ, ಪ್ಲಾಟಿ, ಗಪ್ಪಿಗಳಿಗೆ ಒಗ್ಗುತ್ತದೆ. ಅಮೆಜಾನ್ ಕಡೆಯ ನಿಯಾನ್ ಟೆಟ್ರಾಕ್ಕೆ ಮೆದು ನೀರು ಬೇಕು. ಬೇಳೆ ಬೇಯುವುದನ್ನು ನೋಡಿ ಮೀನು ಆರಿಸಬಹುದು ಎಂದರೆ ನಗಬೇಡಿ, ಯಾವ ವಾಸ್ತುವಿಗಿಂತಲೂ ಇದು ನಂಬಿಕೆಯ ಶಾಸ್ತ್ರ. ಚಳಿಯೂ ಹಾಗೆಯೇ. ಗೋಲ್ಡ್‌ಫಿಶ್ ತಣ್ಣೀರಿನ ಮೀನು. ಮಾಗಿಯ ರಾತ್ರಿ ಟೆಟ್ರಾಕ್ಕೆ ಹೀಟರ್ ಬೇಕಾದಾಗ ಅದಕ್ಕೆ ಬೇಡ. ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಸುಖವಾಗಿಡಲು ಸಾಧ್ಯವಿಲ್ಲ.

ಹಾಗಾದರೆ ಸಾಕಲೇಬಾರದೆ? ಸಾಕಿ. 2 ಅಡಿ ತೊಟ್ಟಿಗೆ ಒಂದು ಹಿಂಡು, ಒಂದು ಚಿಕ್ಕ ಗುಂಪು, ಅಷ್ಟೇ ಸಾಕು. ಗಡಸು ನೀರಾದರೆ ಆರು ಜೀಬ್ರಾ ಮೀನು, ಜೊತೆಗೆ ಒಂದು ಗಂಡು ಎರಡು ಹೆಣ್ಣಿನ ಲೆಕ್ಕದಲ್ಲಿ ಪ್ಲಾಟಿ. ಜೀಬ್ರಾ ನಮ್ಮ ದೇಶದ್ದೇ ಮೀನು, ಗಟ್ಟಿ ಜೀವ. ಮೆದು ನೀರಾದರೆ ತೊಟ್ಟಿ ಹದವಾದ ಮೇಲೆ ಎಂಟು ಟೆಟ್ರಾ, ತಳದಲ್ಲಿ ಓಡಾಡಲು ಆರು ಕೋರಿಡೋರಾಸ್. ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿ.

ಇಷ್ಟು ಹೇಳಿದರೆ ಕೆಲವರು, 'ಹುರಿದು ತಿನ್ನುವ ಮೀನಿಗೆ ಇಷ್ಟೊಂದು ಉಪಚಾರವೇ ಟೀಚರ್?' ಎನ್ನುತ್ತಾರೆ. ತಿನ್ನುವವರ ಮೇಲೆ ನನಗೆ ದೂರಿಲ್ಲ. ಅವರು ಮೀನನ್ನು ಮೀನೆಂದೇ ಕಂಡು ಬೆಲೆ ಕೊಟ್ಟು ತರುತ್ತಾರೆ. ಸಾಕುತ್ತೇನೆಂದು ತಂದವರ ಹೊಣೆ ಬೇರೆ. ಹಸುವನ್ನು ಕಟ್ಟಿ ಹಾಕಿದವನು ಹುಲ್ಲು ಹಾಕಬೇಕು. ಇನ್ನು ಅಂಗಡಿಯವರೂ ಬದುಕಬೇಕಲ್ಲ ಎಂಬ ಮಾತು. ಹೌದು, ಬದುಕಲಿ. ಆದರೆ ತಿಂಗಳಿಗೊಮ್ಮೆ ಸತ್ತ ಮೀನಿನ ಬದಲಿಗೆ ಹೊಸ ಮೀನು ಮಾರಿ ಬದುಕುವ ವ್ಯಾಪಾರಕ್ಕೆ ನಾವೇಕೆ ಗಿರಾಕಿಗಳಾಗಬೇಕು?

ಸಾಯದೆ ಬೆಳೆದುಬಿಟ್ಟವುಗಳ ಕತೆ ಇನ್ನೂ ಕೆಟ್ಟದ್ದು. ಅಡಿಯುದ್ದದ ಸಕ್ಕರನ್ನು ಕೊಲ್ಲಲು ಮನಸ್ಸು ಬಾರದೆ 'ಪಾಪ, ಬದುಕಿಕೊಳ್ಳಲಿ' ಎಂದು ಕೆರೆಗೆ ಬಿಡುತ್ತಾರೆ. ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡ ಊರು ನಮ್ಮದು. ಸಕ್ಕರ್ ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ, ಅದರ ಮುಳ್ಳು ಬಲೆಯನ್ನು ಹರಿಯುತ್ತದೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾ ಇವತ್ತು ಎಷ್ಟು ಕೆರೆಗಳಲ್ಲಿ ನಾಡಮೀನುಗಳ ಜಾಗ ಹಿಡಿದು ಕೂತಿದೆ ಎಂದು ಬಲೆ ಹಾಕುವವರನ್ನು ಕೇಳಿ. ನಮ್ಮ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಕಟ್ಟೆ ಕಟ್ಟಿಸಿಕೊಂಡ ಭದ್ರೆ ಮುಂದೆ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಇಲ್ಲಿ ಬಿಟ್ಟದ್ದು ಇಲ್ಲೇ ಇರುತ್ತದೆ ಎಂಬ ಭರವಸೆ ಯಾರಿಗೂ ಬೇಡ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರುವವರೇ ತಮ್ಮೂರ ಕೆರೆಗೆ ಸಕ್ಕರ್ ಬಿಟ್ಟರೆ ಆ ಭಕ್ತಿಗೆ ಏನರ್ಥ?

ನಾನು ಬಲ್ಲ ಶಾಲೆಯೊಂದರಲ್ಲಿ ಹೀಗೊಂದು ತೊಟ್ಟಿಯಿತ್ತು. ಸತ್ತ ಮೀನನ್ನು ಶನಿವಾರ ಸಂಜೆ ತೆಗೆದು, ಸೋಮವಾರ ಬೆಳಿಗ್ಗೆಯೊಳಗೆ ಅದೇ ಬಣ್ಣದ್ದನ್ನು ತಂದು ಬಿಡುತ್ತಿದ್ದರು, ಮಕ್ಕಳು ಬೇಸರಪಡಬಾರದೆಂದು. ಮಕ್ಕಳಿಗೆ ಗೊತ್ತಾಗುತ್ತಿತ್ತು. ನಾಲ್ಕನೇ ತರಗತಿಯ ಹುಡುಗಿ ನನ್ನನ್ನು ಕೇಳಿದಳು, 'ಮಿಸ್, ಇದು ಹೊಸದು. ಹಳೇದು ಎಲ್ಲಿ?' ಹತ್ತು ಪಾಠದಲ್ಲಿ ಜೀವದಯೆ ಕಲಿಸಿ, ಒಂದು ಗಾಜಿನ ಪೆಟ್ಟಿಗೆಯಲ್ಲಿ ಅದನ್ನೆಲ್ಲ ಅಳಿಸಿ ಹಾಕುವುದು ಎಂದರೆ ಇದೇ. ಸತ್ತರೆ ಇನ್ನೊಂದು ತಂದರಾಯಿತು ಎಂದು ಮಗು ಒಮ್ಮೆ ಕಲಿತರೆ ಆ ಪಾಠ ಮೀನಿನ ಹತ್ತಿರವೇ ನಿಲ್ಲುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವವರು ಮೂರು ಪ್ರಶ್ನೆ ಕೇಳಿ: ಇದು ಬೆಳೆದರೆ ಎಷ್ಟುದ್ದ ಆಗುತ್ತದೆ? ಇದಕ್ಕೆ ಎಂಥ ನೀರು ಬೇಕು? ಇದು ಯಾರ ಜೊತೆ, ಎಷ್ಟು ಜನರ ಜೊತೆ ಬಾಳುತ್ತದೆ? ಉತ್ತರ ಬಾರದಿದ್ದರೆ ಬರಿಗೈಯಲ್ಲಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಪ್ರಶ್ನೆಗಳನ್ನು ಅವರೇ ಕೇಳಲಿ. ಅಷ್ಟಾದ ಮೇಲೂ ಒಂದು ಮೀನು ಸತ್ತರೆ, ಮನೆಯ ದೋಷವನ್ನು ಅದು ಹೊತ್ತುಕೊಂಡು ಹೋಯಿತೆನ್ನುವ ಮೊದಲು ನೀರನ್ನು ಒಮ್ಮೆ ಪರೀಕ್ಷಿಸಿ ನೋಡಿ.