‘ಸಾಕು’ ಎಂಬ ಅಂಕೆ

ಮುಂಬಯಿಯ ಬೊರಿವಲಿಯಲ್ಲಿ, ರಾಷ್ಟ್ರೀಯ ಉದ್ಯಾನದ ಹಸುರಿನ ನಡುವೆ, ಪೋದನಪುರ ತ್ರಿಮೂರ್ತಿ ದಿಗಂಬರ ಜೈನ ಮಂದಿರವಿದೆ. ಆದಿನಾಥ, ಭರತ, ಬಾಹುಬಲಿ ಅಲ್ಲಿ ಒಟ್ಟಿಗೆ ನಿಂತಿದ್ದಾರೆ. ಕನ್ನಡನಾಡಿನಿಂದ ಹೋಗಿ ಆ ನಗರದಲ್ಲಿ ನೆಲೆಸಿದ ಜೈನ ಕುಟುಂಬಗಳಿಗೆ ಈ ಮೂವರೂ ಹುಟ್ಟೂರಿನ ಪರಿಚಿತರೇ. ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲೇ ತೊರೆದ ಬಾಹುಬಲಿಗೆ ಗೃಹಸ್ಥನು ಕೈ ಮುಗಿಯುತ್ತಾನೆ. ಆದರೆ ಸಮಾಧಾನವನ್ನು ಕಂಡುಕೊಳ್ಳುವುದು ಭರತನಲ್ಲಿ. ಷಟ್ಖಂಡ ಭೂಮಿಯನ್ನು ಆಳುತ್ತಲೇ ಒಳಗೆ ನಿರ್ಲಿಪ್ತನಾಗಿದ್ದ ಚಕ್ರವರ್ತಿಯನ್ನು ಮೂಡಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ದಲ್ಲಿ ಚಿತ್ರಿಸಿದನು. ಇಂದು ಅನುಕೂಲಸ್ಥ ಮನೆಗಳಲ್ಲಿ ಆ ಚಿತ್ರವೇ ಒಂದು ಮರೆಯಾಗಿದೆ. “ನಮ್ಮಲ್ಲಿ ಸಂಪತ್ತಿದೆ, ಮೋಹವಿಲ್ಲ” ಎಂಬ ಮಾತು ಸುಲಭವಾಗಿ ಬರುತ್ತದೆ. ಮೋಹವಿಲ್ಲವೆಂಬುದಕ್ಕೆ ಆಧಾರವೇನು? ರಸೀದಿಯಿಲ್ಲದ ಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಆಚಾರ್ಯರು ಈ ಆತ್ಮವಂಚನೆಯನ್ನು ಮೊದಲೇ ಕಂಡಿದ್ದರು. ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಣ ಮಮತೆಯಲ್ಲಿದೆ ಎಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಹಾಗಿದ್ದರೂ ಗೃಹಸ್ಥನ ವ್ರತವನ್ನು ಅವರು ಬರಿಯ ಭಾವನೆಗೆ ಬಿಡಲಿಲ್ಲ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಎಲ್ಲಕ್ಕೂ ಮಿತಿಯನ್ನು ಗೊತ್ತುಪಡಿಸಿಕೊಳ್ಳಬೇಕೆಂದು ವಿಧಿಸಿದರು. ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮಂತಭದ್ರಾಚಾರ್ಯರು ಈ ಅಣುವ್ರತಕ್ಕೆ ‘ಇಚ್ಛಾಪರಿಮಾಣ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಪರಿಮಾಣವೆಂದರೆ ಅಳತೆ, ಅಳತೆಗೆ ಸಂಖ್ಯೆ ಬೇಕು. ಕನ್ನಡದಲ್ಲಿ ‘ಅಂಕೆ’ ಎಂಬ ಒಂದೇ ಪದಕ್ಕೆ ಸಂಖ್ಯೆ ಎಂಬ ಅರ್ಥವೂ ಹತೋಟಿ ಎಂಬ ಅರ್ಥವೂ ಇದೆ. ಸಂತೃಪ್ತಿ ಗಳಿಕೆಯ ಕೊನೆಯಲ್ಲಿ ತಾನಾಗಿ ಬರುವ ಮನಸ್ಥಿತಿಯಲ್ಲ. ಗಳಿಕೆಗೆ ಮುನ್ನವೇ ಬರೆದಿಡಬೇಕಾದ ಅಂಕೆ.

ಅದೇ ಗ್ರಂಥ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವು ವ್ಯಾಪಾರಿಯ ದಿನಚರಿಯನ್ನು ಹತ್ತಿರದಿಂದ ಬಲ್ಲವರ ಮಾತುಗಳು. ಲಾಭದಾಸೆಗೆ ಎತ್ತುಗಳನ್ನು ಅವುಗಳ ಶಕ್ತಿಗೆ ಮೀರಿದ ದೂರಕ್ಕೆ ನಡೆಸುವುದು ಅತಿವಾಹನ. ಮೀರಿದ ಹೊರೆಯನ್ನು ಹೇರುವುದು ಅತಿಭಾರವಹನ. ತಾನು ಮಾರಿದ ಸರಕಿನಲ್ಲಿ ಮತ್ತೊಬ್ಬನು ಹೆಚ್ಚು ಲಾಭ ಪಡೆದುದನ್ನು ಕಂಡು ಕಳವಳಗೊಳ್ಳುವುದು ವಿಸ್ಮಯ. ತನಗೆ ಬಂದ ಲಾಭ ನಿನ್ನೆಯವರೆಗೆ ತೃಪ್ತಿಕರವಾಗಿತ್ತು. ನೆರೆಯವನ ಲಾಭವನ್ನು ಕೇಳಿದೊಡನೆ ಅದೇ ನಷ್ಟದಂತೆ ತೋರುತ್ತದೆ.

ದಲಾಲ್ ಸ್ಟ್ರೀಟ್ ನಡೆಯುವುದೇ ಈ ವಿಸ್ಮಯದ ಬಲದಿಂದ. ಮುಂಬಯಿಯಲ್ಲೇ ಕೇಂದ್ರ ಕಚೇರಿಯಿರುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇಕಡ 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. ಸತತ ನಷ್ಟದ ಬಳಿಕವೂ ಅವರಲ್ಲಿ ಬಹುಪಾಲು ಜನ ಹಿಂದೆ ಸರಿಯಲಿಲ್ಲ. ಅಂಕೆಯಿಲ್ಲದವನಿಗೆ ಗೆದ್ದಾಗ ನಿಲ್ಲುವುದೂ ತಿಳಿಯದು, ಸೋತಾಗ ನಿಲ್ಲುವುದೂ ತಿಳಿಯದು.

ಈ ಪಾಠ ಆ ನಗರಕ್ಕೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ, ಮುಂಬಯಿ ಷೇರುಗಳ ಹುಚ್ಚಿಗೆ ಬಿತ್ತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಎಲ್ಲವೂ ಕುಸಿಯಿತು. ಆ ಏರಿಕೆಯ ನಾಯಕರಲ್ಲಿ ಅಗ್ರಗಣ್ಯನಾದ ಪ್ರೇಮಚಂದ್ ರಾಯಚಂದ್ ಜೈನನೇ. ಅವನ ಕಾಗದದ ಸಂಪತ್ತು ಕರಗಿಹೋಯಿತು. ಕುಸಿತಕ್ಕೆ ಮುನ್ನ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕಾಗಿ ಎರಡು ಲಕ್ಷ, ಗೋಪುರಕ್ಕಾಗಿ ಎರಡು ಲಕ್ಷ ರೂಪಾಯಿಗಳನ್ನು ಅವನು ಕೊಟ್ಟಿದ್ದನು. ತಾಯಿಯ ಹೆಸರಿನ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ಣಗೊಂಡು ಇಂದಿಗೂ ನಿಂತಿದೆ. ಇಟ್ಟುಕೊಂಡುದು ಹೋಯಿತು, ಕೊಟ್ಟುದು ಉಳಿಯಿತು.

ಅತಿವಾಹನ, ಅತಿಭಾರವಹನಗಳ ವಿಚಾರದಲ್ಲಿ ಸಮಾಜದ ಮೌನ ಇನ್ನೂ ಗಾಢವಾದುದು. ಎತ್ತುಗಳು ಹೋದವು, ನೌಕರರು ಬಂದರು. ಒಡೆಯನು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತಾನೆ. ಅವನ ಕಚೇರಿಯ ತರುಣನು ಲೆಕ್ಕ ಮುಗಿಸಿ ವಿರಾರಿಗೋ ಕಲ್ಯಾಣಕ್ಕೋ ಹೋಗುವ ಕೊನೆಯ ಲೋಕಲ್ ರೈಲನ್ನು ಹಿಡಿಯುತ್ತಾನೆ. ನೀರನ್ನು ಸೋಸಿ ಕುಡಿಯುವ ಮನೆಯವರು ಸಂಬಳದ ಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಅಷ್ಟೇ ಎಚ್ಚರಿಕೆಯಿಂದ ನೋಡಬೇಡವೇ? ಆ ತರುಣನಿಗೆ ಸಂತೃಪ್ತಿಯನ್ನು ಬೋಧಿಸುವುದು ಅಧರ್ಮ. ‘ಸಾಕು’ ಎನ್ನುವ ಹೊಣೆ ಕೊಳ್ಳುವವನದು, ದುಡಿಯುವವನದಲ್ಲ.

ಬೆಲೆಗಳು ಏರುವಾಗ ಇಂದಿನ ಅಂಕೆ ನಾಳೆಗೆ ಸಾಲದೆಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಪರಿಹಾರವೂ ಇದೆ: ಮಿತಿಯನ್ನು ರೂಪಾಯಿಗಳಲ್ಲಿ ಬರೆಯದೆ ಇಷ್ಟು ವರ್ಷಗಳ ಮನೆಖರ್ಚು, ವಾಸಕ್ಕೆ ಇಷ್ಟು ಮನೆ, ಮಕ್ಕಳ ವಿದ್ಯೆ, ಮುಪ್ಪಿನ ಔಷಧೋಪಚಾರ ಎಂದು ಬರೆಯಬಹುದು. ಧಾರಾಳವಾಗಿಯೇ ಬರೆಯಲಿ, ಆದರೆ ಬರೆಯಲಿ. ಉದ್ಯಮ ಬೆಳೆಯುವುದಕ್ಕೂ ಈ ವ್ರತ ಅಡ್ಡಿಯಲ್ಲ. ಮಿತಿ ಬೀಳುವುದು ಒಡೆಯನ ಸಂಗ್ರಹಕ್ಕೆ. ಮಿಕ್ಕುದು ನೌಕರರ ವೇತನಕ್ಕೂ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಿಗೂ ಹರಿಯಬಹುದು.

ಇದಕ್ಕೆ ಸಮಾಜದ ನಡವಳಿಕೆಯೂ ಬದಲಾಗಬೇಕು. ಕಲಶಗಳ ಸವಾಲಿನಲ್ಲಿ ಹೆಚ್ಚು ಕೂಗಿದವನಿಗೆ ಹಾರ ಹಾಕುವ ವೇದಿಕೆಯಲ್ಲಿ, ಮಿತಿಯನ್ನು ಪಾಲಿಸಿದವನಿಗೆ ಸ್ಥಾನವಿಲ್ಲ. ಮಕ್ಕಳು ಕಲಿಯುವುದು ಪ್ರವಚನವನ್ನಲ್ಲ, ಹಾರ ಯಾರ ಕೊರಳಿಗೆ ಬಿತ್ತೆಂಬುದನ್ನು.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯದ್ದು. ಪರದೇಶದಲ್ಲಿರಲಿ, ಪರರಾಜ್ಯದಲ್ಲಿರಲಿ, ಮುಂಬರುವ ಪರ್ವದ ಆ ಸಂಜೆ ಗಂಡಹೆಂಡಿರು ಬೆಳೆದ ಮಕ್ಕಳೊಡನೆ ಕುಳಿತು ಮನೆಯ ಆಸ್ತಿಯ ಪಟ್ಟಿಯನ್ನು ಬರೆದು, ಅದರ ಕೆಳಗೆ ತಮ್ಮ ಮಿತಿಯನ್ನೂ ಬರೆದಿಡಲಿ. ಮಾರ್ಚ್ 31ರಂದು ತೆರಿಗೆಗಾಗಿ ಲೆಕ್ಕ ಕೂಡಿಸುವಾಗ ಆ ಹಾಳೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಎರಡನ್ನೂ ಹೋಲಿಸಿ ನೋಡಲು ಹೊರಗಿನ ಪರಿಶೋಧಕನ ಅಗತ್ಯವಿಲ್ಲ.