ಆಟಿಕೆ ಬಿಚ್ಚಿದ ಮಗುವಿಗೆ ಬೈಯಬೇಡಿ

ಮಕ್ಕಳು ರಿಮೋಟ್ ಕಾರು ಬಿಚ್ಚಿದರೆ ‘ದುಡ್ಡು ಹಾಳು ಮಾಡಿದೆ’ ಅಂತ ಬೈಯುತ್ತೇವೆ. ಬೈಯುವ ಬದಲು ಅವರ ಕೈಯಿಂದಲೇ ಒಂದು ಕಾರು ಕಟ್ಟಿಸಬೇಕು ಅನ್ನುವುದು ನನ್ನ ವಾದ.

ಬೇಕಾಗುವ ಸಾಮಾನು ಇಷ್ಟೇ: ಗೇರ್ ಇರುವ ಎರಡು ಸಣ್ಣ ಮೋಟಾರ್, ಚಕ್ರ, ಆರ್ಡುಯಿನೊ ಬೋರ್ಡ್, ಮೋಟಾರ್ ಡ್ರೈವರ್, ಬ್ಲೂಟೂತ್ ಮಾಡ್ಯೂಲ್, ಸೆಲ್. ಕೈಯಲ್ಲಿರುವ ಫೋನೇ ರಿಮೋಟ್. ಬಲಗಡೆ ಚಕ್ರ ನಿಂತು ಎಡಗಡೆಯದು ತಿರುಗಿದರೆ ಕಾರು ಬಲಕ್ಕೆ ಹೊರಳುತ್ತದೆ. ಮೋಟಾರಿನ ಎರಡು ವೈರ್ ಅದಲು ಬದಲು ಮಾಡಿದರೆ ಹಿಂದಕ್ಕೆ ಓಡುತ್ತದೆ. ವೈರ್ ಮುಟ್ಟದೆ ಇದೇ ಕೆಲಸ ಮಾಡುವುದು ಡ್ರೈವರ್.

ರೈತರಿಗೆ ಇದು ಹೊಸದಲ್ಲ. ತ್ರೀ ಫೇಸ್ ಪಂಪ್‌ಸೆಟ್ ಉಲ್ಟಾ ತಿರುಗಿದರೆ ಎರಡು ಫೇಸ್ ವೈರ್ ಬದಲಿಸಿಸುತ್ತೇವೆ. ಆದರೆ ಆ ಮೋಟಾರಿನ ಮೇಲೆ ಮಕ್ಕಳು ಕಲಿಯುವಂತಿಲ್ಲ, ಜೀವಕ್ಕೇ ಅಪಾಯ. ಪೆನ್ಸಿಲ್ ಸೆಲ್ಲಿನ ಕಾರಿನಲ್ಲಾದರೆ ತಪ್ಪಿದರೂ ಮತ್ತೆ ಮಾಡಬಹುದು. ಲಿಥಿಯಂ ಬ್ಯಾಟರಿ ಮಾತ್ರ ಈಗಲೇ ಬೇಡ. ಶಾರ್ಟ್ ಆದರೆ ಬೆಂಕಿ ಹತ್ತೀತು.

ಸಾಮಾನು ಕೊಳ್ಳುವುದು ಕಷ್ಟವೇ? ಶಾಲೆಯ ಕಡೆ ನೋಡಿ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವುದೇ 6ರಿಂದ 12ನೇ ತರಗತಿ ಮಕ್ಕಳಿಗೆ. ಇಂಥ ಒಂದೊಂದು ಲ್ಯಾಬಿಗೂ ಕೇಂದ್ರ ಸರ್ಕಾರ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ನಿಮ್ಮ ಶಾಲೆಯಲ್ಲಿ ಲ್ಯಾಬ್ ಇದ್ದರೆ ಮುಖ್ಯ ಶಿಕ್ಷಕರನ್ನು ಒಂದೇ ಮಾತು ಕೇಳಿ: ವಾರಕ್ಕೆ ಎಷ್ಟು ದಿನ ಅದರ ಬೀಗ ತೆಗೆಯುತ್ತೀರಿ?