ಕರಸ್ಥಲದ ಅರಿವು

ನಮ್ಮ ಷಟ್‌ಸ್ಥಲ ಶಾಸ್ತ್ರವು ನೇತ್ರಕ್ಕೆ ಶಿವಲಿಂಗವನ್ನೂ ತ್ವಕ್ಕಿಗೆ ಜಂಗಮಲಿಂಗವನ್ನೂ ಹೇಳಿದೆ. ರೂಪ, ಸ್ಪರ್ಶಗಳೆರಡೂ ಲಿಂಗಾರ್ಪಿತವಾಗತಕ್ಕವು. ಆದರೂ ಕಣ್ಣಿಲ್ಲದ ಮಗು ಹುಟ್ಟಿದ ಮನೆಯಲ್ಲಿ "ಇದಕ್ಕಿನ್ನು ಲೋಕವೇ ಇಲ್ಲ" ಎಂದು ಮರುಗುವವರುಂಟು. "ಶಿವನು ಬೆರಳಿಗೇ ಕಣ್ಣು ಕೊಟ್ಟಿರುತ್ತಾನೆ" ಎಂದು ಸುಮ್ಮನಾಗುವವರೂ ಉಂಟು. ಎರಡೂ ಸರಿಯಲ್ಲ.

ಕಣ್ಣುಳ್ಳವರ ಸ್ಪರ್ಶದಲ್ಲಿ ಕಣ್ಣು ಕಲಿಸಿದ ಪಾಠವೂ ಬೆರೆತಿರುತ್ತದೆ. ಜರ್ಮನಿಯ ಬ್ರಿಗಿಟ್ಟೆ ರೋಡರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸುತ್ತದೆ. ಎರಡೂ ಕೈಗಳನ್ನು ಕ್ಷಣಮಾತ್ರದ ಅಂತರದಲ್ಲಿ ಮುಟ್ಟಿ, ಮೊದಲು ಮುಟ್ಟಿದ್ದು ಯಾವ ಕೈಯನ್ನು ಎಂದು ಕೇಳಲಾಯಿತು. ಕೈಗಳನ್ನು ಒಂದರ ಮೇಲೊಂದು ಅಡ್ಡವಾಗಿ ಇರಿಸಿದಾಗ ಕಣ್ಣುಳ್ಳವರು ಬಹಳ ತಡವರಿಸಿದರು. ಹುಟ್ಟು ಅಂಧರಿಗೆ ಆ ಗೊಂದಲವೇ ಆಗಲಿಲ್ಲ. ಆದರೆ ಕಂಡು ಬೆಳೆದು ಅನಂತರ ದೃಷ್ಟಿ ಕಳೆದುಕೊಂಡವರು ಕಣ್ಣುಳ್ಳವರಂತೆಯೇ ತಡವರಿಸಿದರು. ಎಳವೆಯಲ್ಲಿ ಕಣ್ಣು ಕಲಿಸಿದ್ದನ್ನು ಕೈ ಮರೆಯುವುದಿಲ್ಲವೆಂದಾಯಿತು.

ಕೈ ಅರಿತದ್ದನ್ನು ಕಣ್ಣು ತಾನಾಗಿ ಅರಿಯುವುದೂ ಇಲ್ಲ. ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಮೂಲಕ ದೃಷ್ಟಿ ಪಡೆದ ಐವರು ಹುಟ್ಟು ಅಂಧ ಮಕ್ಕಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಆ ಮಕ್ಕಳು ನೋಟದಿಂದ ಗುರುತಿಸಲಾರದೆ ಹೋದರು. ದಿನ ಕಳೆದಂತೆ ಅವರಲ್ಲಿ ಕೆಲವರು ಅದನ್ನು ಕಲಿತುಕೊಂಡರು. ಇತ್ತ ಬೆರಳಿನಿಂದ ಬ್ರೈಲ್ ಓದುವ ಅಂಧರ ಮೆದುಳಿನಲ್ಲಿ ದೃಷ್ಟಿಗೆ ಮೀಸಲಾದ ಭಾಗವೇ ಓದಿಗೆ ದುಡಿಯುವುದು 1996ರಲ್ಲಿಯೇ ಕಂಡುಬಂದಿತ್ತು. ಅಂಧರ ಬೆರಳಿನ ಜಾಣ್ಮೆ ಪವಾಡವಲ್ಲ, ಅಭ್ಯಾಸದ ಫಲ.

ಇದಕ್ಕೆ ಸಾಕ್ಷಿ ಬೇಕೆಂದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಹುಟ್ಟು ಅಂಧರಾದ ಪಂಚಾಕ್ಷರ ಗವಾಯಿಗಳನ್ನು ಹಾನಗಲ್ಲ ಕುಮಾರೇಶ್ವರರು ಮರುಕದಿಂದ ಮೂಲೆಯಲ್ಲಿ ಕೂರಿಸಲಿಲ್ಲ, ಕಲಿಯಲು ಹಚ್ಚಿದರು. ಗವಾಯಿಗಳ ಶಿಷ್ಯರಾಗಿ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010) ಹಲವು ವಾದ್ಯಗಳನ್ನು ಕರಗತ ಮಾಡಿಕೊಂಡರು; ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದರು.

ಆದುದರಿಂದ ತಾಯಂದಿರಲ್ಲಿ ಒಂದು ಬಿನ್ನಹ. ಮಗುವಿನ ಕಣ್ಣಿನಲ್ಲಿ ಪೊರೆ ಕಂಡರೆ ತಡಮಾಡದೆ ನೇತ್ರವೈದ್ಯರಿಗೆ ತೋರಿಸಿರಿ. ದೃಷ್ಟಿ ಬಂದರೆ, ನೋಡಲು ಕಲಿಯುವುದಕ್ಕೆ ಮಗುವಿಗೆ ಕಾಲಾವಕಾಶ ಕೊಡಿರಿ. ದೃಷ್ಟಿ ಬಾರದೆಂದು ತಿಳಿದರೆ "ಮುಟ್ಟಬೇಡ" ಎಂಬ ಮಾತನ್ನು ಕಡಿಮೆ ಮಾಡಿರಿ. ನೆಲೋಗಿಯ ನಮ್ಮ ಮನೆಗಳಲ್ಲಿ ಮುಟ್ಟಿ ಕಲಿಯುವುದಕ್ಕೆ ಏನು ಕೊರತೆ? ತೊಗರಿ, ಕಡಲೆ, ಜೋಳಗಳನ್ನು ಬೇರ್ಪಡಿಸಲಿ, ರೊಟ್ಟಿಯ ಹಿಟ್ಟು ನಾದಲಿ. ವಯಸ್ಸಿಗೆ ಸರಿಯಾಗಿ ಬ್ರೈಲ್ ಕಲಿಯಲಿ. ಕರಸ್ಥಲದ ಇಷ್ಟಲಿಂಗದ ತಂಪನ್ನೂ ತೂಕವನ್ನೂ ಅಂಗೈಯಿಂದ ಅರಿಯುವ ಆ ಮಗುವಿನ ಪೂಜೆ ನಮ್ಮ ಪೂಜೆಗಿಂತ ಕಡಿಮೆಯದಲ್ಲ.